ಅಕ್ಕಿಯಲ್ಲಿ ಬರೆಯುವ ಹೆಸರು

ಮಾದಾಪುರ, ಬುಧವಾರ

ತ್ರಿಪುರಸುಂದರಿ ಅತ್ತೆಯವರಿಗೆ ಅರಾಸೆಲಿಯ ನಮಸ್ಕಾರಗಳು.

ಮದುವೆಯ ದಿನ ಅನಂತಕೃಷ್ಣ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ‘ಆಶ್ರಿತಾ’ ಎಂದು ಬರೆಯುತ್ತಾರೆ, ಆಮೇಲೆ ನನ್ನ ಹೆಸರು ಅದೇ ಎಂದು ನಿನ್ನೆ ಫೋನಿನಲ್ಲಿ ಹೇಳಿದಿರಿ. “ಆ ಸ್ಪೇನಿನ ಹೆಸರಿಗೆ ನಮ್ಮ ದೇವಸ್ಥಾನದವರ ನಾಲಿಗೆ ಹೊರಳಲ್ಲಮ್ಮ” ಎಂದಿರಿ. ಪಕ್ಕದಲ್ಲೇ ಇದ್ದ ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು ಕಾಫಿ ಕಣಕ್ಕೆ ಹೋಗಿಬಿಟ್ಟರು.

ಅಮ್ಮ ತಮ್ಮ ಮದುವೆಗೆ ಮುಂಚೆ ಹಾಕಿ ಪಂದ್ಯ ಆಡಲು ಸ್ಪೇನಿಗೆ ಹೋಗಿದ್ದಾಗ ಚೆಂಡು ಹಣೆಗೆ ಬಡಿದು ಬಿದ್ದಿದ್ದರು. ಎದುರು ತಂಡದ ಗೋಲ್‌ಕೀಪರ್ ಅರಾಸೆಲಿ ಆಟ ಬಿಟ್ಟು ಓಡಿಬಂದು, ಆಸ್ಪತ್ರೆಯವರೆಗೂ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರಂತೆ. ಅದು ಲ್ಯಾಟಿನ್‌ನಿಂದ ಬಂದ ಹೆಸರು, ಆಕಾಶದ ಪೀಠ ಎಂದು ಅರ್ಥ. ಅವರ ಊರಿನ ಮೇರಿಮಾತೆಯನ್ನು ಹಾಗೆ ಕರೆಯುತ್ತಾರೆ. ಈಗ ಅಲ್ಲೂ ಅಜ್ಜಿಯರಿಗಷ್ಟೇ ಆ ಹೆಸರು, ಮಕ್ಕಳಿಗೆ ಇಡುವವರಿಲ್ಲ ಎಂದು ಅವರೇ ಅಮ್ಮನಿಗೆ ಹೇಳಿದ್ದರಂತೆ. ಅಮ್ಮ ನನಗಿಟ್ಟರು.

ನಿಮ್ಮ ಮನೆಯ ಪದ್ಧತಿಗಳನ್ನೆಲ್ಲ ಕಲಿಯುತ್ತೇನೆ. ಅಕ್ಕಿಯಲ್ಲಿ ಮಾತ್ರ ನನ್ನ ಹೆಸರೇ ಇರಲಿ. ಆಗುವುದಿಲ್ಲವಾದರೆ ಭಾನುವಾರದೊಳಗೆ ತಿಳಿಸಿ. ಲಗ್ನಪತ್ರಿಕೆ ಇನ್ನೂ ಅಚ್ಚಿಗೆ ಹೋಗಿಲ್ಲ.

ನೀವು ಆ ಮನೆಗೆ ಸೊಸೆಯಾಗಿ ಬರುವ ಮೊದಲು ನಿಮ್ಮ ಹೆಸರು ತುಳಸಿ ಎಂದಿತ್ತಂತೆ, ಅನಂತಕೃಷ್ಣ ಹೇಳಿದರು. ನಿಮ್ಮನ್ನು ಕೊನೆಯ ಸಲ ಹಾಗೆ ಕರೆದವರು ಯಾರು, ಅತ್ತೆ?

ಇತಿ,
ಅರಾಸೆಲಿ