ಬೆಳ್ಳಟ್ಟಿಯ ಹಕ್ಕಿ ಎಣಿಕೆ

ಫೆಬ್ರವರಿ 8, 2026. ಭಾನುವಾರ, ಬೆಳಿಗ್ಗೆ

ನಿನ್ನೆ, ಫೆಬ್ರವರಿ ಏಳರಂದು, ಗದಗಿನಲ್ಲಿ ಹಕ್ಕಿ ಎಣಿಕೆಯವರ ಸಭೆಯಲ್ಲಿ ಬೆಳ್ಳಟ್ಟಿಯ ನಾಗರತ್ನಾಳನ್ನು ಸುಳ್ಳುಗಾತಿ ಮಾಡಿದರು. ಪರದೆಯ ಮೇಲೆ ಹೆಸರು ಹಾಕಿ. ತುಂಬಿದ ಸಭೆಯಲ್ಲಿ.

ಚಹಾ ಆರಿತು. ಅಂಗಡಿ ಬಾಗಿಲು ತೆಗೆಯುವ ಮನಸ್ಸಿಲ್ಲ.

ಹಕ್ಕಿ ಎಣಿಕೆ ಎಂದರೆ ವಿಜ್ಞಾನಿಗಳಿಗೆ ಜನರೇ ಮಾಹಿತಿ ಕೊಡುವ ಕೆಲಸ. ತಿಂಗಳಿಗೊಂದು ದಿನ, ಅದೇ ಹೊಲ, ಕಾಲು ತಾಸು. ಕಂಡಷ್ಟು ಎಣಿಸಿ ಮೊಬೈಲಿನ ಆ್ಯಪಿಗೆ ಹಾಕಬೇಕು. ನಾಗರತ್ನಾಳನ್ನು ಇದಕ್ಕೆ ಸೇರಿಸಿದ್ದು ನಾನೇ. ಜಂಪರು, ರವಿಕೆ ಹೊಲಿಯುವವಳು. ಲಕ್ಷ್ಮೇಶ್ವರಕ್ಕೆ, ನನ್ನ ಅಂಗಡಿಗೆ, ಅಸ್ತರಿನ ಬಟ್ಟೆಗೆ ಬರುತ್ತಾಳೆ.

ಡಿಸೆಂಬರಿನಲ್ಲಿ ಅವಳು ಹಾಕಿದ್ದು — ಗೊರವಂಕ ಮುನ್ನೂರರ ಮೇಲೆ. ಕಾಗೆಯೂ ಹೆಚ್ಚುಕಡಿಮೆ ಅಷ್ಟೇ. ಹಿಂದಿನ ತಿಂಗಳು ಅದೇ ಹೊಲದಲ್ಲಿ ಮೂವತ್ತೂ ಇರಲಿಲ್ಲ. ಎಣಿಕೆ ನಡೆಸುವ ಸಂಸ್ಥೆಯವರು ಅದನ್ನೇ ತೋರಿಸಿ ‘ಕಲ್ಪಿತ ಅಂಕಿಗೆ ಉದಾಹರಣೆ’ ಎಂದರು. ಜನ ನಕ್ಕರು. ಅವಳು ಮೂರನೇ ಸಾಲಿನಲ್ಲಿದ್ದಳು. ಎದ್ದು ಹೊರಟುಬಿಟ್ಟಳು.

ಎಂಬತ್ತೇಳನೇ ಇಸವಿಯಲ್ಲಿ ನಮ್ಮೂರಿನ ಬಾವಿ ನೀರು ಅಳೆಯಲು ಯಾರೋ ಬಂದಿದ್ದರು. ಬಿಸಿಲಲ್ಲಿ ಹಗ್ಗ ಹಿಡಿದವರು ನಾವು. ವರದಿಯಲ್ಲಿ ಊರಿನ ಹೆಸರೇ ಇರಲಿಲ್ಲ. ಆಗಲೂ ಯಾರನ್ನು ಕೇಳಬೇಕೋ ತಿಳಿಯಲಿಲ್ಲ. ಈ ಸಲ ಗೊತ್ತಿದೆ.

ಫೆಬ್ರವರಿ 10

ಬೆಳ್ಳಟ್ಟಿಗೆ ಹೋಗಿ ಬಂದೆ.

ಓಣಿಯ ಕಟ್ಟೆಯಿಂದ ಒಬ್ಬ ಅವಳ ಮನೆಯತ್ತ ಕೂಗುತ್ತಿದ್ದ — “ಏ ನಾಗರತ್ನಕ್ಕಾ, ಇವತ್ತೆಷ್ಟ ನವಿಲು ಹಡದಿ?” ಅವಳು ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. ನಾನು ಕೊಟ್ಟಿದ್ದ ದುರ್ಬೀನು ಚೀಲಕ್ಕೆ ಹಾಕಿಟ್ಟಿದ್ದಳು.

“ತಗೊಂಡು ಹೋಗ್ರಿ ಅಜ್ಜಾರ. ಜಂಪರಿನ ಅಳತಿ ಕೊಡೋವಾಗ ಸುದ್ದಾ ‘ಇದ್ದಷ್ಟ ಬರಕೋ ಯವ್ವಾ, ಹೆಚ್ಚ ಬರೀಬ್ಯಾಡ’ ಅಂತಾರ. ಇಬ್ಬರು ಬಟ್ಟಿ ವಾಪಸ್ ಒಯ್ದಾರ.”

“ಖರೆ ಹೇಳು, ಅಷ್ಟು ಇದ್ದವಾ?”

“ನೀವೂ ಕೇಳ್ತೀರಿ?”

ಒಳಗಿನಿಂದ ಅತ್ತೆ ಕರಿಯವ್ವ ಗದರಿದಳು — “ಇರದ ಏನ್ರೀ! ಎಳ್ಳಮಾಸಿ ದಿನ ಇಡೀ ಊರ ಚರಗ ಚೆಲ್ಲೈತಿ. ಕಡಬು, ಹೋಳಿಗಿ, ಬಾನ... ಹಕ್ಕಿ ಬರದ ಹುಲಿ ಬರ್ತಾವ?”

ತಲೆಯ ಮೇಲೆ ನೀರು ಸುರಿದಂತಾಯಿತು. ಎಳ್ಳಮಾವಾಸ್ಯೆ! ಮನೆಮನೆಯವರೂ ಅಡುಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆ ಹಿಡಿದು, ಪೈರಿನ ಸುತ್ತ ಅನ್ನದ ಚರಗ ಚೆಲ್ಲುವ ದಿನ. ಸುತ್ತಲಿನ ಹಕ್ಕಿಯೆಲ್ಲ ಅಲ್ಲೇ.

“ಅದ ದಿನ ಯಾಕ ಎಣಿಸಿದಿ?”

“ಹೆಂಗೂ ಹೊಲಕ್ಕ ಹೋಗೋದಿತ್ತು. ಒಂದ ಖೇಪಿನ್ಯಾಗ ಆತು ಅಂತ.”

“ಆ್ಯಪಿನ ಷರಾದಾಗ ಹಬ್ಬ ಅಂತ ಬರೀಬೇಕಿತ್ತಲ್ಲ?”

“ಎಳ್ಳಮಾಸಿ ಅಂತ ಬರಿಯೂದೇನ್ರೀ? ಕ್ಯಾಲೆಂಡರ್ ಅವರ ಮನ್ಯಾಗ ಇಲ್ಲೇನು?”

ನನಗೆ ನಗು ಬಂತು. ಅವಳು ನಗಲಿಲ್ಲ. ದುರ್ಬೀನು ಅಲ್ಲೇ ಬಿಟ್ಟು ಬಂದೆ.

ಫೆಬ್ರವರಿ 11

ಅಂಕಿತಾಗೆ ಫೋನ್. ಸಂಸ್ಥೆಯ ಸಂಯೋಜಕಿ, ಅವತ್ತು ಪರದೆ ತೋರಿಸಿದವಳು.

“ಅಯ್ಯೋ ಸರ್... ನಮ್ಮಜ್ಜಿ ಮನ್ಯಾಗೂ ಚರಗ ಚೆಲ್ತಿದ್ರು. ಹೊಳೀಲೇ ಇಲ್ಲ ನೋಡ್ರಿ.”

ಕೆಟ್ಟ ಹುಡುಗಿಯಲ್ಲ. ದನಿ ಸಣ್ಣದಾಯಿತು. ಹಬ್ಬದ ದಿನದ ಲೆಕ್ಕವನ್ನು ಉಳಿದ ದಿನಗಳ ಜೊತೆ ಸೇರಿಸಲು ಬರುವುದಿಲ್ಲ ಎಂದಳು. ಒಪ್ಪಿದೆ. ಆ ದಿನ ಆರಿಸಿದ್ದು ನಮ್ಮವರ ತಪ್ಪು. ಆದರೆ ದಿನ ತಪ್ಪುವುದು ಬೇರೆ, ಸುಳ್ಳು ಬರೆಯುವುದು ಬೇರೆ. ಇದನ್ನು ಮುಂದಿನ ಸಭೆಯಲ್ಲೇ ಹೇಳವ್ವಾ ಎಂದೆ.

“ಮ್ಯಾಲಿನವರನ್ನ ಕೇಳಿ ಹೇಳ್ತೀನ್ರಿ, ಸರ್.”

ಫೆಬ್ರವರಿ 27

ಕೊನೆಗೂ ಸಂಸ್ಥೆಯಿಂದ ಇ-ಮೇಲ್. ನನಗೆ. ಎರಡು ಸಾಲು. ವರದಿಯಿಂದ ಹೆಸರು ತೆಗೆದಿದ್ದಾರಂತೆ. ‘ಆದ ಅನಾನುಕೂಲಕ್ಕೆ ವಿಷಾದ.’

ಅನಾನುಕೂಲ! ಬಸ್ಸು ತಡವಾದರೆ ಅನಾನುಕೂಲ. ಕರೆಂಟು ಹೋದರೆ ಅನಾನುಕೂಲ.

ಫೋನಿನಲ್ಲಿ ನಾಗರತ್ನಾಗೆ ಓದಿ ಹೇಳಿದೆ.

“ಇದನ್ನ ನಮ್ಮ ಓಣ್ಯಾಗ ಯಾರ್ ಓದ್ತಾರ್ರೀ, ಅಜ್ಜಾರ?”

ಮಾರ್ಚ್ 15. ಮುಂಡರಗಿ, ಸಭೆಯಲ್ಲಿ

ಹಿಂದಿನ ಸಾಲಿನಲ್ಲಿ ಕೂತು ಬರೆಯುತ್ತಿದ್ದೇನೆ. ಅದೇ ಪರದೆ, ಅದೇ ಜನ. ವೇದಿಕೆಯ ಮೇಲೆ ಅಂಕಿತಾ, ಪಕ್ಕದಲ್ಲಿ ಅವಳ ಮೇಲಿನವರು. ‘ವಿಜ್ಞಾನದಲ್ಲಿ ಜನರ ಪಾಲು’ ಎಂದು ಭಾಷಣವಾಯಿತು. ಬೆಳ್ಳಟ್ಟಿಯ ಸುದ್ದಿ ಒಂದಕ್ಷರ ಇಲ್ಲ.

ನಾಗರತ್ನಾ ಬಂದಿದ್ದಾಳೆ. ನಾನು ಕರೆದಿರಲಿಲ್ಲ. ಕರಿಯವ್ವನೂ ಜೊತೆಗಿದ್ದಾಳೆ — “ಕುಂಡ್ರಿ, ಕುಂಡ್ರಿ, ನಿಮ್ಮ ಭಾಷಣ ಆಮ್ಯಾಲ” ಎಂದು ನನ್ನನ್ನೇ ಗದರಿದಳು.

ಪ್ರಶ್ನೆ ಇದ್ದವರು ಕೈ ಎತ್ತಬೇಕಂತೆ. ನನ್ನದು ಸಿದ್ಧ: ಎಲ್ಲರೆದುರು ಕಳೆದ ಹೆಸರನ್ನು ಇ-ಮೇಲಿನಲ್ಲಿ ಹಿಂದಿರುಗಿಸುವುದು ಯಾವ ನ್ಯಾಯ? ಉತ್ತರ ಇಲ್ಲೇ, ಈಗಲೇ —

ನಾನು ಏಳುವಷ್ಟರಲ್ಲಿ ಅವಳೇ ಎದ್ದಳು. ಮೈಕು ಕೈಯಲ್ಲಿ.

“ಮೇಡಂ, ನಾನು ನಾಗರತ್ನಾ, ಬೆಳ್ಳಟ್ಟಿ. ದಿನ ತಪ್ಪಿದ್ದು ನಂದ, ಒಪ್ಪೀನಿ. ನಾ ಬರದಿದ್ದು ಸುಳ್ಳೋ ಖರೇನೋ? ಅವತ್ತ ಹೇಳಿದಂಗ, ಮೈಕಿನ್ಯಾಗ ಹೇಳ್ರಿ.”

ಅಂಕಿತಾ ಪಕ್ಕದವರ ಮುಖ ನೋಡುತ್ತಿದ್ದಾಳೆ. ಅವರು ನಾಗರತ್ನಾಗೆ ಕೂರಲು ಕೈ ಸನ್ನೆ ಮಾಡಿದರು. ನಾಗರತ್ನಾ ಕೂರಲಿಲ್ಲ. ಅಂಕಿತಾ ಮೈಕು ಹತ್ತಿರ ಎಳೆದುಕೊಂಡಳು. ಪೆನ್ನು ಕೆಳಗಿಡುತ್ತೇನೆ, ಇದನ್ನು ಕೇಳಬೇಕು.