ನನ್ನ ತಲೆಯ ಪೊಳ್ಳನ್ನು ಊರಿಗೆ ಓದಿಸಿದವರಿಗೆ

ಮನೋರೋಗ ಆಸ್ಪತ್ರೆಯ ಮಾನ್ಯ ಅಧೀಕ್ಷಕರೇ,

ನನ್ನ ಮೆದುಳಿನಲ್ಲಿ ಏನಿದೆ, ಏನಿಲ್ಲ ಎಂಬುದನ್ನು ತಾವು ತೆರೆದ ಅಂಚೆ ಕಾರ್ಡಿನಲ್ಲಿ ಬರೆದು ಶಲವಡಿಗೆ ಕಳಿಸಿದಿರಿ. ಕಚೇರಿಯಲ್ಲಿ ಲಕೋಟೆ ಮುಗಿದಿತ್ತೇ? ಹಾಗಾದರೆ ನನ್ನ ಉತ್ತರವೂ ನಾಲ್ಕು ಜನ ಓದುವ ಪತ್ರಿಕೆಯಲ್ಲೇ ಬರಲಿ. ಮರ್ಯಾದೆ ಇಬ್ಬರದೂ ಸಮನಾಗಿ ಹೋಗಲಿ.

ನನ್ನ ತಮ್ಮ ಈರಬಸಪ್ಪನಿಗೆ ಆರು ವರ್ಷದಿಂದ ಸ್ಕಿಝೋಫ್ರೇನಿಯಾ. ಯಾರೂ ಇಲ್ಲದ ಕಡೆಯಿಂದ ಅವನಿಗೆ ಮಾತು ಕೇಳಿಸುತ್ತದೆ. ಹೋದ ವರ್ಷ, ೧೯೮೫ರಲ್ಲಿ, ತಮ್ಮ ಆಸ್ಪತ್ರೆಯ ವೈದ್ಯರು ಅವನ ಮೆದುಳಿನ ಚಿತ್ರ ತೆಗೆದು, ಎಲ್ಲರ ಮೆದುಳಿನಲ್ಲೂ ಇರುವ ನಡುವಿನ ಪೊಳ್ಳುಗಳು ಇವನಲ್ಲಿ ಹಿಗ್ಗಿವೆ ಎಂದರು. ಒಡಹುಟ್ಟಿದವರ ತಲೆಯನ್ನೂ ನೋಡಬೇಕು, ಶಾಸ್ತ್ರಕ್ಕೆ ಉಪಕಾರವಾಗುತ್ತದೆ ಎಂದು ಕೈಮುಗಿದರು. ನಾನು ಶಾಲಾ ಶಿಕ್ಷಕಿ, ಶಾಸ್ತ್ರವೆಂದರೆ ಕರಗಿಬಿಡುತ್ತೇನೆ. ರಜೆ ಹಾಕಿ, ಅಣ್ಣಿಗೇರಿಯಲ್ಲಿ ರೈಲು ಹತ್ತಿ ಬಂದು, ತಮ್ಮ ಯಂತ್ರದೊಳಗೆ ತಲೆ ಇಟ್ಟೆ. ಕುರಿ ಕಟುಕನನ್ನೇ ನಂಬುತ್ತದೆ ಎಂಬ ಗಾದೆಯನ್ನು ಮಕ್ಕಳಿಗೆ ಹೇಳಿಕೊಡುವವಳೂ ನಾನೇ.

ಕಾರ್ಡು ಮುಟ್ಟಿದ್ದು ನನ್ನ ಉಡಿ ತುಂಬುವ ದಿನ. ಗಂಡಿನ ಕಡೆಯವರು ಹೆಣ್ಣಿನ ಸೆರಗಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕಿದರೆ ನಮ್ಮಲ್ಲಿ ಮದುವೆ ಗಟ್ಟಿಯಾದಂತೆ. ಹಾಕಿ ಆಗಿತ್ತು. ಆಗ ಅಂಚೆಯ ಮೈಲಾರಪ್ಪ ಬಂದ. ಕಾರ್ಡು ಅವ್ವನ ಹೆಸರಿಗಿತ್ತು. ಓದು ಬಾರದ ಅವ್ವನಿಗೆ ಬಂದ ಕಾಗದವನ್ನೆಲ್ಲ ಹತ್ತು ವರ್ಷದಿಂದ ಅವನೇ ಓದಿ ಹೇಳುವುದು. ಶುಭದಿನ, ಶುಭಪತ್ರವೇ ಇರಬೇಕೆಂದು ಪಡಸಾಲೆಯಲ್ಲಿ ನಿಂತು ಎಂದಿಗಿಂತ ಗಟ್ಟಿಯಾಗಿ ಓದಿದ: "ರೋಗಿಯ ಅಕ್ಕನ ಮೆದುಳಿನ ಪೊಳ್ಳೂ ಸಾಮಾನ್ಯರಿಗಿಂತ ದೊಡ್ಡದಿರುತ್ತದೆ."

ಗಂಡಿನ ತಾಯಿ ರೇವವ್ವ ಎದ್ದು ನಿಂತಳು. "ತಲ್ಯಾಗ ಪೊಳ್ಳ ಇದ್ದ ಹುಡುಗೀನ್ನ ನಮಗ ಕಟ್ಟಾಕ ಹೊಂಟಿದ್ರೇನ್ರಿ? ಏಳ ಬೇ, ಉಡಿ ಬಿಚ್ಚ."

ಬಿಚ್ಚಿದೆ. ಅವಳು ಕೊಬ್ಬರಿ ಬಟ್ಟಲನ್ನು ಸೆರಗಿನಿಂದ ಒರೆಸಿ ಚೀಲಕ್ಕೆ ಹಾಕಿಕೊಂಡಳು. ಪೊಳ್ಳು ಅದಕ್ಕೂ ಅಂಟಿರಬಹುದೆಂಬ ಅಂಜಿಕೆ.

ಮರುವಾರ ನಾನು ಆಸ್ಪತ್ರೆಗೆ ಬಂದು ಕೇಳಿದಾಗ ತಮ್ಮ ವೈದ್ಯರು ನಕ್ಕರು. "ಒಂದಿಷ್ಟು ದೊಡ್ಡದು, ಅಷ್ಟೇ. ನಿಮ್ಮ ತಮ್ಮನದಕ್ಕಿಂತ ಸಣ್ಣದು. ಅದು ರೋಗ ಅಲ್ಲ, ನಿಮಗೇನೂ ಆಗಿಲ್ಲ" ಎಂದರು. ಈ ಮಾತನ್ನು ಕಾರ್ಡಿನಲ್ಲಿ ಏಕೆ ಬರೆಯಲಿಲ್ಲ? ಅರ್ಧ ಕಾರ್ಡು ಖಾಲಿಯಿತ್ತು, ಮಾನ್ಯರೇ. ತಾವಂತೂ ಕನ್ನಡಕ ಒರೆಸುತ್ತ, ಕಾರ್ಡು ಕಚೇರಿಯ ಪದ್ಧತಿ ಎಂದಿರಿ. ಒಳ್ಳೆಯದು. ತಮ್ಮ ಮಗಳ ತಲೆಯನ್ನೂ ಯಂತ್ರದಲ್ಲಿಟ್ಟು ನೋಡಿ, ಕಂಡದ್ದರಲ್ಲಿ ಅರ್ಧವನ್ನು ಬೀಗರಿಗೆ ಕಾರ್ಡಿನಲ್ಲಿ ಬರೆಯಿರಿ. ಶಾಸ್ತ್ರಕ್ಕೆ ಉಪಕಾರವಾಗುತ್ತದೆ.

ನನ್ನ ಮದುವೆ ಹಾಳಾಗಲಿ, ಅದಕ್ಕೆ ಈ ಪತ್ರವಲ್ಲ. ಕಾರ್ಡು ಓದಿದ್ದು ಕಿವಿಗೆ ಬಿದ್ದ ದಿನದಿಂದ ಈರಬಸಪ್ಪ ಅವ್ವನ ಹಳೇ ಸೀರೆಯನ್ನು ತಲೆಗೆ ಬಿಗಿದುಕೊಂಡು ದನದ ಕೊಟ್ಟಿಗೆಯಲ್ಲಿ ಕೂತಿದ್ದಾನೆ. ನಾನು ಹತ್ತಿರ ಹೋದರೆ ಗೋಡೆಗೆ ಸರಿಯುತ್ತಾನೆ. "ದೂರ ನಿಂದ್ರ ಬೇ ಅಕ್ಕಾ. ನನ್ನ ತಲ್ಯಾಗಿಂದು ನಿನಗ ಹತ್ತೇತಿ." ನನ್ನ ಕೈಯಿಂದ ಮಾತ್ರ ಗುಳಿಗೆ ನುಂಗುತ್ತಿದ್ದವನು. ಮೂರು ವಾರದಿಂದ ಒಂದೂ ನುಂಗಿಲ್ಲ. ನನಗೆ ದಿಗಿಲಾಗಿದೆ.

ಆದ್ದರಿಂದ ಇನ್ನೊಂದು ಕಾರ್ಡು ಬರೆಯಿರಿ. ತೆರೆದದ್ದೇ ಇರಲಿ. ಈರಬಸಪ್ಪನಿಂದ ಅವನ ಅಕ್ಕನಿಗೆ ಏನೂ ಹತ್ತಿಲ್ಲವೆಂದು ಬರೆದು, ಸಹಿ ಮಾಡಿ, ಮೊಹರು ಒತ್ತಿ. ಮೈಲಾರಪ್ಪ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಅಷ್ಟೇ ಗಟ್ಟಿಯಾಗಿ ಓದುತ್ತಾನೆ. ಈರಬಸಪ್ಪ ನನ್ನ ಮಾತು ನಂಬುವುದಿಲ್ಲ; ತಮ್ಮಂಥವರ ಕಾರ್ಡನ್ನು ನಂಬುತ್ತಾನೆ. ಅವನಿಗೆ ಹುಚ್ಚು, ನೋಡಿ.

ಇಂತಿ,
ತಮ್ಮ ಕಡತದ 'ಆರೋಗ್ಯವಂತ ಸಂಬಂಧಿ, ಸಂಖ್ಯೆ ಹದಿನೇಳು',
ಊರಿನವರ ಬಾಯಲ್ಲಿ ಪೊಳ್ಳುತಲೆಯ ಸಾವಿತ್ರೆವ್ವ
ಶಲವಡಿ, ೧೯೮೬