ಮುಟ್ಟಿದ್ದಕ್ಕೆ ನೋಟೀಸು

ವೈದ್ಯಕೀಯ ಕಾಲೇಜಿನ ಮಾನ್ಯ ಪ್ರಾಂಶುಪಾಲರೇ,

ರೋಗಿಯ ಹೊಟ್ಟೆ ಮುಟ್ಟಿ ನೋಡಿದ ಅಪರಾಧಕ್ಕೆ ನೀವು ಒಬ್ಬ ವಿದ್ಯಾರ್ಥಿನಿಗೆ ನೋಟೀಸು ಕೊಟ್ಟಿದ್ದೀರಿ. ಆ ಹೊಟ್ಟೆ ನನ್ನ ತಮ್ಮ ಹುಲಗೇಶನದು. ಆದ್ದರಿಂದ ಉತ್ತರ ನಾನು ಕೊಡುತ್ತಿದ್ದೇನೆ.

ಈ ಜೂನ್‌ನಲ್ಲಿ ನಿಮ್ಮ ಕಾಲೇಜಿಗೆ ಕಣ್ಣಿಗೆ ಕಟ್ಟಿಕೊಳ್ಳುವ ಯಂತ್ರ ಬಂದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ್ದೆ. ಕಟ್ಟಿಕೊಂಡರೆ ಕಂಪ್ಯೂಟರಿನ ರೋಗಿ ಎದುರಿಗೆ ಮಲಗಿರುತ್ತಾನಂತೆ. ಬೆವರದ, ನರಳದ, ಒಮ್ಮೆಯೂ ಬೈಯದ ರೋಗಿ! ನಾನೂ ಶಿಕ್ಷಕಿ, ಹೊಸ ಉಪಕರಣ ಬೇಡವೆನ್ನುವವಳಲ್ಲ. ಆದರೆ ಅದು ಬಂದ ವಾರವೇ ವಾರ್ಡಿನ ಪಾಠ ನಿಲ್ಲಿಸಿ, ಯಂತ್ರದಲ್ಲಿ ಪಾಸಾಗದವರು ರೋಗಿಯನ್ನು ಮುಟ್ಟಕೂಡದೆಂದು ಆದೇಶಿಸಿದ್ದೇಕೆ? ಯಂತ್ರ ಒಂದು, ವಿದ್ಯಾರ್ಥಿಗಳು ನೂರು. ಎಲ್ಲರ ಸರದಿ ಮುಗಿಯುವವರೆಗೆ ನಮ್ಮ ಕಾಯಿಲೆಗಳು ಕಾಯಬೇಕೇ?

ಸೆಪ್ಟೆಂಬರಿನ ಒಂದು ಬೆಳಿಗ್ಗೆ, ಶಿರಗುಪ್ಪಿಯಲ್ಲಿ ಸೈಕಲ್ ರಿಪೇರಿ ಮಾಡುವ ಹುಲಗೇಶನನ್ನು ಹೊಟ್ಟೆನೋವೆಂದು ನಿಮ್ಮ ಆಸ್ಪತ್ರೆಗೆ ಕರೆತಂದೆ. ಎಳೆಯ ವೈದ್ಯರೊಬ್ಬರು ಮೇಜಿನಾಚೆಯಿಂದಲೇ ವಿಚಾರಿಸಿ, "ಗ್ಯಾಸ್" ಎಂದು ಬರೆದು, ಮರುದಿನದ ಸ್ಕ್ಯಾನಿಗೆ ಚೀಟಿ ಕೊಟ್ಟರು. ಅವನು ಹೊರಗಿನ ಬೆಂಚಿನ ಮೇಲೆ ಮುದುಡಿ ಮಲಗಿದ. ಹಾದುಹೋಗುತ್ತಿದ್ದ ವಿದ್ಯಾರ್ಥಿನಿ ಮಂದಾಕಿನಿ ನಿಂತಳು. ಯಂತ್ರದ ಮುಂದೆ ಅವಳ ಸರದಿ ಇನ್ನೂ ಬಂದಿರಲಿಲ್ಲ. ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಕೇಳಿದಳು: "ಅಣ್ಣಾರ, ಹೊಟ್ಟಿ ಮುಟ್ಟಿ ನೋಡ್ಲ್ಯಾ?"

ಅವನ ಮುಖವನ್ನೇ ನೋಡುತ್ತ ಮೆಲ್ಲಗೆ ಒತ್ತಿ, ಥಟ್ಟನೆ ಕೈ ತೆಗೆದಳು.

"ಯವ್ವಾ! ಒತ್ತಿದಾಗ ತಡ್ಕೊಂಡಿದ್ದೆ, ಬಿಟ್ಟಕೂಡ್ಲೇ ಜೀವಾ ಹೋತು!" ಎಂದು ಅವನು ಚೀರಿದ.

ಅವಳು ನನ್ನತ್ತ ತಿರುಗಿದಳು. "ಅಕ್ಕಾರ, ಇದು ಗ್ಯಾಸ್ ಅಲ್ರಿ. ಹೊಟ್ಟಿ ಹಲಗಿ ಹಂಗ ಬಿಗದೈತಿ. ಎಲ್ಲೂ ಹೋಗಬ್ಯಾಡ್ರಿ" ಎಂದು ಓಡಿದವಳು ಸರ್ಜನ್ನರನ್ನು ಕರೆದುಕೊಂಡೇ ಬಂದಳು. ಮಧ್ಯಾಹ್ನದೊಳಗೆ ಆಪರೇಷನ್ ಆಯಿತು. ಕರುಳಿನಲ್ಲಿ ತೂತು ಬಿದ್ದಿತ್ತು. "ನಾಳಿ ತನಕಾ ಬಿಟ್ಟಿದ್ರ ಉಳೀತಿದ್ದಿಲ್ರಿ" ಎಂದವರು ನಿಮ್ಮ ಸರ್ಜನ್ನರೇ.

ಹನ್ನೊಂದನೆಯ ದಿನ ಹುಲಗೇಶ ನಡೆದುಕೊಂಡು ಮನೆ ಸೇರಿದ. ಹನ್ನೆರಡನೆಯ ದಿನ ಮಂದಾಕಿನಿಗೆ ನೋಟೀಸು: "ಅನುಮತಿಯಿಲ್ಲದೆ ರೋಗಿಯನ್ನು ಸ್ಪರ್ಶಿಸಿದ್ದೀರಿ." ಯಾರ ಅನುಮತಿ, ಸ್ವಾಮಿ? ಹೊಟ್ಟೆಯ ಒಡೆಯನನ್ನು ಕೇಳಿಯೇ ಅವಳು ಮುಟ್ಟಿದ್ದಳು. ಮುಟ್ಟದೆ ಕಳಿಸಿದವರಿಗೆ ನೋಟೀಸು ಹೋಯಿತೇ?

ಹಣ್ಣು ಕೊಡಲು ಹಾಸ್ಟೆಲಿಗೆ ಹೋದಾಗ ಅವಳು ಕ್ಷಮಾಪಣಾ ಪತ್ರ ಬರೆಯುತ್ತಿದ್ದಳು. "ಬರದಕೊಟ್ರ ಮುಗೀತೈತ್ರಿ ಅಕ್ಕಾರ. ಪರೀಕ್ಷಾ ಬಂದಾವು" ಎಂದು ಕಣ್ಣೊರೆಸಿಕೊಂಡಳು.

"ನೀ ಪೆನ್ನ ಕೆಳಗಿಡವ್ವಾ. ನಾ ಬರೀತೇನಿ" ಎಂದೆ. ಬರೆದಿದ್ದೇನೆ.

ನೋಟೀಸು ಹಿಂತೆಗೆದುಕೊಳ್ಳಿ. ವಾರ್ಡಿನ ಪಾಠ ಮತ್ತೆ ಆರಂಭಿಸಿ. ಯಂತ್ರವೂ ಇರಲಿ, ಆದರೆ ರೋಗಿಗೆ ಅಡ್ಡವಾಗಿ ಅಲ್ಲ. ಸೋಮವಾರ ಹನ್ನೊಂದಕ್ಕೆ ಅವಳ ವಿಚಾರಣೆಯಂತೆ. ಕರೆಯದಿದ್ದರೂ ನಾವಿಬ್ಬರೂ ಬರುತ್ತೇವೆ. ಹುಲಗೇಶ ಅಂಗಿ ಎತ್ತಿ ಹೊಲಿಗೆ ತೋರಿಸುತ್ತಾನೆ. ನೀವೂ ಒಮ್ಮೆ ಮುಟ್ಟಿ ನೋಡಿ. ಅವನ ಅನುಮತಿ ಇದೆ.

ಇಂತಿ,
ಕಾಯಿಲೆ ಬಿದ್ದರೆ ಮತ್ತೆ ನಿಮ್ಮ ಬಾಗಿಲಿಗೇ ಬರಬೇಕಾದ
ಪ್ರಭಾವತಿ, ಶಾಲಾ ಶಿಕ್ಷಕಿ
ರಾಯಾಪುರ, ಅಕ್ಟೋಬರ್ ೨೦೦೮